ಪಿಡಿಎಫ್ ಪ್ರತಿ ಸಲ ಡ್ರಾದಲ್ಲೇ ತೆರೆಯುತ್ತದೆ, ಏನು ಮಾಡಲಿ?

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡು ಉಬುಂಟು (ವಿಂಡೋಸ್ ಬದಲಿಗೆ ಬಳಸುವ, ಲಿನಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ) ಹಾಕಿಸಿಕೊಂಡಿದ್ದೇನೆ. ಮನೆಯ ಇ-ಖಾತಾ ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಪ್ರತಿ ಸಲ ರೈಟ್ ಕ್ಲಿಕ್ ಮಾಡಿ ಡಾಕ್ಯುಮೆಂಟ್ ವ್ಯೂವರ್ ಆರಿಸಬೇಕು. ಇದನ್ನು ಕಾಯಂ ಮಾಡುವುದು ಹೇಗೆ?
(ಬಸವನಗುಡಿಯ ಓದುಗರೊಬ್ಬರು)

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಖಾತಾ ಕೆಟ್ಟಿಲ್ಲ. ಡ್ರಾ ಅನ್ನೋದು ಚಿತ್ರ ಬರೆಯುವ, ತಿದ್ದುವ ಪ್ರೋಗ್ರಾಂ. ಪಿಡಿಎಫ್ ಕೊಟ್ಟರೆ ಅದು ಸುಮ್ನೆ ತೋರಿಸುವುದಿಲ್ಲ. ತಿದ್ದಲು ಬರಲಿ ಅಂತ ಪುಟವನ್ನು ತುಂಡು ತುಂಡು ಮಾಡಿ ಮತ್ತೆ ಜೋಡಿಸುತ್ತದೆ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ಕೂರುತ್ತವೆ, ಹಾಗಾಗಿ ಅಷ್ಟಾಗಿ ಕೆಡುವುದಿಲ್ಲ. ಕನ್ನಡದಲ್ಲಿ ಒತ್ತು ಕೆಳಗೆ ಬರಬೇಕು, ಗುಣಿತ ಅಂಟಿಕೊಳ್ಳಬೇಕು. ಜೋಡಣೆ ತಪ್ಪುವುದು ಅಲ್ಲೇ. ಡಾಕ್ಯುಮೆಂಟ್ ವ್ಯೂವರ್ ಪುಟವನ್ನು ಇದ್ದ ಹಾಗೇ ತೋರಿಸುತ್ತದೆ. ಕನ್ನಡ ಓದುವ ನಮಗೆ ಈ ಸೆಟ್ಟಿಂಗ್ ಮುಖ್ಯ ಅನ್ನುವುದು ಇದಕ್ಕೇ.

ಈಗ ದಾರಿ. ಉಬುಂಟುವಿನ 24.04 ಆವೃತ್ತಿ ಇದ್ದರೆ ಯಾವುದಾದರೂ ಒಂದು ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ 'ಓಪನ್ ವಿತ್' ಒತ್ತಿ. ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಡಾಕ್ಯುಮೆಂಟ್ ವ್ಯೂವರ್ ಆರಿಸಿ. ಇಲ್ಲಿ ಸ್ವಲ್ಪ ನಿಲ್ಲಿ. ಅದೇ ಕಿಟಕಿಯಲ್ಲಿ 'ಆಲ್ವೇಸ್ ಯೂಸ್ ಫಾರ್ ದಿಸ್ ಫೈಲ್ ಟೈಪ್' ಅಂತ ಒಂದು ಸ್ವಿಚ್ ಇದೆ. ಅದನ್ನು ಆನ್ ಮಾಡಿ ಆಮೇಲೆ ಓಪನ್ ಒತ್ತಿ. ನೀವು ಇಷ್ಟು ದಿನ ಬಿಟ್ಟಿದ್ದು ಬಹುಶಃ ಈ ಸ್ವಿಚ್ ಒಂದನ್ನೇ. ಅದಿಲ್ಲದಿದ್ದರೆ ನಿಮ್ಮ ಆಯ್ಕೆ ಆ ಒಂದು ಸಲಕ್ಕೆ ಮಾತ್ರ.

ಉಬುಂಟು 22.04 ಅಥವಾ ಲಿನಕ್ಸ್ ಮಿಂಟ್ ಆದರೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರೊಳಗೆ 'ಓಪನ್ ವಿತ್' ಟ್ಯಾಬ್. ಪ್ರೋಗ್ರಾಂ ಆರಿಸಿ 'ಸೆಟ್ ಆ್ಯಸ್ ಡೀಫಾಲ್ಟ್' ಒತ್ತಿದರೆ ಮುಗಿಯಿತು.

ಜಾಸ್ತಿ ಜನ ಉಬುಂಟುವಿನ ಸೆಟ್ಟಿಂಗ್ಸ್ ಒಳಗಿನ ಡೀಫಾಲ್ಟ್ ಆ್ಯಪ್ಸ್ ಪುಟದಲ್ಲಿ ಹುಡುಕಿ ಸುಸ್ತಾಗುತ್ತಾರೆ. ಅಲ್ಲಿ ಬ್ರೌಸರ್, ಮೇಲ್, ಹಾಡು, ವಿಡಿಯೊ, ಫೋಟೊ ಥರದ್ದು ಸಿಗುತ್ತವೆ, ಪಿಡಿಎಫ್ ಸಿಗುವುದಿಲ್ಲ.

ನೀವು ಬದಲಿಸಿದ್ದು ಆ ಒಂದು ಖಾತಾ ಫೈಲಿಗೆ ಅಲ್ಲ, ಪಿಡಿಎಫ್ ಅನ್ನುವ ಇಡೀ ಜಾತಿಗೆ. ಕರೆಂಟ್ ಬಿಲ್ಲು, ಮಗಳ ಹಾಲ್ ಟಿಕೆಟ್ಟು, ಎಲ್ಲವೂ ಇನ್ನು ಅಲ್ಲೇ ತೆರೆಯುತ್ತವೆ. ಈ ಜಾತಿಯ ಹೆಸರಿಗೆ ಮೈಮ್ ಟೈಪ್ ಅನ್ನುತ್ತಾರೆ. ಇಮೇಲಿನಲ್ಲಿ ಚಿತ್ರ, ಧ್ವನಿ ಕಳಿಸಲು ಅಂತ 1992ರಲ್ಲಿ ಬಂದ ಪದ್ಧತಿ ಅದು, ಇವತ್ತಿಗೂ ನಡೆಯುತ್ತಿದೆ. ಲಿನಕ್ಸ್ ಡೆಸ್ಕ್‌ಟಾಪು ಮೊದಲು ಫೈಲಿನ ಹೆಸರಿನ ಬಾಲ (ಕೊನೆಯ .pdf ಥರದ್ದು) ನೋಡುತ್ತದೆ. ಬಾಲ ಇಲ್ಲದಿದ್ದರೆ ಫೈಲಿನ ಒಳಗೆ ಇಣುಕುತ್ತದೆ. ಪಿಡಿಎಫ್ ಫೈಲುಗಳು ಒಂದು ಶೇಕಡಾ ಚಿಹ್ನೆ ಮತ್ತು ಪಿಡಿಎಫ್ ಎಂಬ ಮೂರು ಅಕ್ಷರಗಳಿಂದ ಶುರುವಾಗುತ್ತವೆ. ಹೆಸರಿನ ಬಾಲ ಕಳೆದುಹೋದ ಡೌನ್‌ಲೋಡ್ ಕೂಡ ಸರಿಯಾಗಿ ತೆರೆಯುವುದು ಇದರಿಂದಲೇ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ?

ಫೋಟೊಗಳ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಜೆಪೆಗ್ ಬೇರೆ ಜಾತಿ, ಪಿಎನ್‌ಜಿ ಬೇರೆ ಜಾತಿ. ಒಂದಕ್ಕೆ ಹೇಳಿದ್ದು ಇನ್ನೊಂದಕ್ಕೆ ತಾಕುವುದಿಲ್ಲ, ಎರಡಕ್ಕೂ ಬೇರೆ ಬೇರೆ ಹೇಳಬೇಕು.

ನಿಮ್ಮ ಆಯ್ಕೆ ಎಲ್ಲಿ ಉಳಿಯುತ್ತದೆ ಅಂತ ಕುತೂಹಲ ಇದ್ದರೆ, ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಮತ್ತು ಎಚ್ ಕೀ ಒಟ್ಟಿಗೆ ಒತ್ತಿ. ಅಡಗಿದ ಫೋಲ್ಡರುಗಳು ಕಾಣುತ್ತವೆ. ಚುಕ್ಕಿಯಿಂದ ಶುರುವಾಗುವ 'ಕಾನ್ಫಿಗ್' ಫೋಲ್ಡರಿನೊಳಗೆ ಮೈಮ್‌ಆ್ಯಪ್ಸ್ ಅನ್ನುವ ಚಿಕ್ಕ ಪಟ್ಟಿ ಇದೆ. ಎಡಕ್ಕೆ ಜಾತಿ, ಬಲಕ್ಕೆ ಪ್ರೋಗ್ರಾಂ, ನಡುವೆ ಈಕ್ವಲ್ ಚಿಹ್ನೆ. ಅಷ್ಟೇ. ಅದು ನಿಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ಅದೇ ಕಂಪ್ಯೂಟರಿನಲ್ಲಿ ಮನೆಯವರಿಗೆ ಬೇರೆ ಲಾಗಿನ್ ಇದ್ದರೆ ಅವರ ಆಯ್ಕೆ ಅವರದೇ.

ಇಷ್ಟೆಲ್ಲ ಮಾಡಿದ ಮೇಲೂ ಫೈರ್‌ಫಾಕ್ಸ್‌ನಲ್ಲಿ ಲಿಂಕ್ ಒತ್ತಿದಾಗ ಪಿಡಿಎಫ್ ಫೈರ್‌ಫಾಕ್ಸ್ ಒಳಗೇ ತೆರೆದರೆ ಗಾಬರಿ ಬೇಡ. ಅದಕ್ಕೆ ತನ್ನದೇ ಪಟ್ಟಿ ಇದೆ. ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಜನರಲ್ ಪುಟದಲ್ಲಿ ಕೆಳಗೆ ಇಳಿದರೆ ಅಪ್ಲಿಕೇಶನ್ಸ್ ಎಂಬ ಭಾಗ ಸಿಗುತ್ತದೆ. ಪಿಡಿಎಫ್ ಸಾಲಿನ ಎದುರು ಡಾಕ್ಯುಮೆಂಟ್ ವ್ಯೂವರ್ ಆರಿಸಿ.