ಮೊದಲು ಟ್ಯಾಕ್ಸ್ ಕೋಡ್ ನೋಡಿ: ಬ್ರಿಟನ್ನಿನಲ್ಲಿ ಓದುತ್ತಾ ದುಡಿಯುವವರ ಪೇಸ್ಲಿಪ್

ನನ್ನ ಮುಂದೆ ಮೂರು ಪೇಸ್ಲಿಪ್ ಇವೆ. ಲೆಸ್ಟರ್‌ನಲ್ಲಿ ಎಂಎಸ್ಸಿ ಓದುತ್ತಾ ಒಂದು ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗಿನವು. ಮೂರೂ 2025-26ರ ತೆರಿಗೆ ವರ್ಷದವು. ಊರಿಂದ ಹೊಸದಾಗಿ ಬಂದವರು ಪೇಸ್ಲಿಪ್ ಹಿಡಿದುಕೊಂಡು ಕೇಳುವುದು ಒಂದೇ ಪ್ರಶ್ನೆ: ಇಷ್ಟೊಂದು ಯಾಕೆ ಮುರಿದುಕೊಂಡಿದ್ದಾರೆ? ಅದಕ್ಕೆ ಉತ್ತರ ಬೇಕಿದ್ದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಮುರಿದುಕೊಂಡಿದ್ದರಲ್ಲಿ ಯಾವುದು ವಾಪಸ್ ಬರುತ್ತದೆ, ಯಾವುದು ಬರುವುದಿಲ್ಲ?

ಮೊದಲ ಪೇಸ್ಲಿಪ್ ಅಕ್ಟೋಬರ್‌ನದು. ವಾರಕ್ಕೆ 20 ಗಂಟೆ, ಗಂಟೆಗೆ 12.21 ಪೌಂಡ್. 21 ವರ್ಷ ದಾಟಿದವರಿಗೆ ಆ ವರ್ಷ ಇದ್ದ ಕನಿಷ್ಠ ಕೂಲಿ ಇದು. ಒಟ್ಟು 244.20 ಪೌಂಡ್. ತೆರಿಗೆ 48.80. ನ್ಯಾಷನಲ್ ಇನ್ಶೂರೆನ್ಸ್, ಅಂದರೆ ಪಿಂಚಣಿ, ಭತ್ಯೆಗಳಿಗೆಂದು ಸಂಬಳದಲ್ಲಿ ಮುರಿಯುವ ಸರ್ಕಾರಿ ವಂತಿಗೆ, 18 ಪೆನ್ಸ್. ಕೈಗೆ ಬಂದಿದ್ದು 195.22. ಆ ದಿನ ನಾನು ಬರೀ ಕೊನೆಯ ಸಾಲು ನೋಡಿ ಬೇಜಾರು ಮಾಡಿಕೊಂಡೆ. ನೋಡಬೇಕಾಗಿದ್ದು ಮೇಲೆ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿದ್ದ ಎರಡು ಅಕ್ಷರಗಳನ್ನು: ಬಿಆರ್.

ಅದೇ ಟ್ಯಾಕ್ಸ್ ಕೋಡ್. ನಿಮ್ಮ ಸಂಬಳದಲ್ಲಿ ಎಷ್ಟು ಹಣಕ್ಕೆ ತೆರಿಗೆ ಬೇಡ ಅಂತ ಕೆಲಸ ಕೊಟ್ಟವರಿಗೆ ತಿಳಿಸುವ ಗುರುತು ಅದು. ಒಂದೇ ಕೆಲಸ ಇರುವ ಹೆಚ್ಚಿನವರಿಗೆ ಇರುವ ಕೋಡ್ 1257ಎಲ್. ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ. ಆ ಸಂಖ್ಯೆಯ ಕೊನೆಯ ಸೊನ್ನೆ ತೆಗೆದರೆ 1257. ಎಲ್ ಅಂದರೆ ಎಲ್ಲರಿಗೂ ಸಿಗುವ ಮಾಮೂಲಿ ವಿನಾಯಿತಿ. ವಾರದ ಲೆಕ್ಕಕ್ಕೆ ಇದು ಸುಮಾರು 242 ಪೌಂಡ್, ತಿಂಗಳಿಗೆ 1,048. ಸ್ಕಾಟ್ಲೆಂಡಿನಲ್ಲಿ ವಾಸ ಇದ್ದರೆ ಮುಂದೆ ಎಸ್, ವೇಲ್ಸ್ ಆದರೆ ಸಿ ಸೇರುತ್ತದೆ.

ಬಿಆರ್ ಅಂದರೆ ವಿನಾಯಿತಿಯೇ ಇಲ್ಲ. ಮೊದಲ ಪೌಂಡಿನಿಂದಲೇ ನೂರಕ್ಕೆ 20. ವಿನಾಯಿತಿಯನ್ನು ಇನ್ನೊಂದು ಕೆಲಸದಲ್ಲಿ ಬಳಸಿಕೊಳ್ಳುತ್ತಿದ್ದೀರಿ ಅಂತ ಲೆಕ್ಕ ಹಿಡಿದು, ಎರಡನೇ ಕೆಲಸಕ್ಕೆ ಹಾಕುವ ಕೋಡ್ ಇದು. ಹಾಗಾಗಿ ನಿಜವಾಗಿಯೂ ಎರಡು ಕೆಲಸ ಇರುವವರ ಪೇಸ್ಲಿಪ್‌ನಲ್ಲಿ ಬಿಆರ್ ಕಂಡರೆ ಅದು ತಪ್ಪಲ್ಲ.

ನನಗೆ ಇದ್ದಿದ್ದು ಒಂದೇ ಕೆಲಸ. ಸೆಪ್ಟೆಂಬರ್‌ನಲ್ಲಿ ಎರಡು ದಿನ ಇನ್ನೊಂದು ಕಡೆ ಕೆಲಸ ಮಾಡಿದ್ದೆ, ಅದು ಮುಗಿದೂ ಹೋಗಿತ್ತು. ಆದರೆ ಹೊಸ ಕೆಲಸ ಸೇರುವಾಗ ತುಂಬುವ ಸ್ಟಾರ್ಟರ್ ಚೆಕ್‌ಲಿಸ್ಟ್‌ನಲ್ಲಿ ಅವಸರದಲ್ಲಿ ಸಿ ಅಂತ ಗುರುತು ಹಾಕಿದ್ದೆ. ಸಿ ಅಂದರೆ 'ನನಗೆ ಈಗಲೂ ಇನ್ನೊಂದು ಕೆಲಸ ಇದೆ'. ತೆರಿಗೆ ವರ್ಷ ಶುರುವಾಗುವ ಏಪ್ರಿಲ್ 6ರಿಂದ ಈಚೆಗೆ ಇದೇ ಮೊದಲ ಕೆಲಸವಾದರೆ ಎ. ಮೊದಲು ಒಂದಿತ್ತು, ಈಗ ಇದೊಂದೇ ಅಂತಾದರೆ ಬಿ. ನಾನು ಹಾಕಬೇಕಾಗಿದ್ದು ಬಿ. ಆ ಒಂದು ಗುರುತಿಗೆ ವಾರಕ್ಕೆ 48 ಪೌಂಡ್ ಚಿಲ್ಲರೆ ತೆತ್ತೆ. ಚೆಕ್‌ಲಿಸ್ಟನ್ನೇ ಕೊಡದಿದ್ದರೆ 0ಟಿ ಅಂತ ಕೋಡ್ ಬರುತ್ತದೆ. ಅದರಲ್ಲೂ ವಿನಾಯಿತಿ ಸೊನ್ನೆ.

ಅದೇ ಚೆಕ್‌ಲಿಸ್ಟ್‌ನಲ್ಲಿ ಸ್ಟೂಡೆಂಟ್ ಲೋನ್ ಬಗ್ಗೆಯೂ ಕೇಳುತ್ತಾರೆ. ಅವರು ಕೇಳುತ್ತಿರುವುದು ಬ್ರಿಟನ್ನಿನ ಸರ್ಕಾರಿ ಸಾಲದ ಬಗ್ಗೆ. ನಮ್ಮೂರ ಬ್ಯಾಂಕಿನಲ್ಲಿ ಅಪ್ಪ ಜಾಮೀನು ಹಾಕಿ ತೆಗೆದ ಎಜುಕೇಶನ್ ಲೋನ್ ಅದಕ್ಕೆ ಸೇರುವುದಿಲ್ಲ. ಇಲ್ಲ ಅಂತಲೇ ಬರೆಯಿರಿ.

ಈಗ ಎರಡನೇ ಪೇಸ್ಲಿಪ್. ಆರು ವಾರ ಹೀಗೇ ಮುರಿದ ಮೇಲೆ ಎಚ್‌ಎಂಆರ್‌ಸಿಗೆ, ಅಂದರೆ ಅಲ್ಲಿನ ತೆರಿಗೆ ಇಲಾಖೆಗೆ, ಫೋನ್ ಮಾಡಿ ಹಳೆಯ ಕೆಲಸ ಮುಗಿದಿದೆ ಅಂತ ಹೇಳಿದೆ. ಅವರು ಗೋದಾಮಿನವರಿಗೆ ಹೊಸ ಕೋಡ್ ಕಳಿಸಿದರು. ಏಳನೇ ವಾರದ ಪೇಸ್ಲಿಪ್‌ನಲ್ಲಿ ಕೋಡ್ 1257ಎಲ್. ತೆರಿಗೆಯ ಸಾಲಿನಲ್ಲಿ ಮೈನಸ್ 292.80. ಆರು ವಾರ ಕೊಟ್ಟ ತೆರಿಗೆ ಅಷ್ಟೂ ಸಂಬಳದ ಜೊತೆಗೇ ಬಂದಿತ್ತು. ಕೈಗೆ ಬಂದಿದ್ದು 536.82. ಯಾವ ಅರ್ಜಿಯನ್ನೂ ಬರೆದಿರಲಿಲ್ಲ.

ಇದು ಹೇಗೆ ಅಂತ ಅರ್ಥ ಮಾಡಿಕೊಂಡರೆ ಅರ್ಧ ಪೇಸ್ಲಿಪ್ ಓದಿದ ಹಾಗೆ. ಅಲ್ಲಿ ಆದಾಯ ತೆರಿಗೆ ಅಂಗಡಿಯ ಉದ್ರಿ ಪುಸ್ತಕದ ಥರ ಒಟ್ಟು ಲೆಕ್ಕದಲ್ಲಿ ನಡೆಯುತ್ತದೆ. ಏಪ್ರಿಲ್ 6ರಿಂದ ಇವತ್ತಿನವರೆಗೆ ಎಷ್ಟು ದುಡಿದಿರಿ, ಇವತ್ತಿನವರೆಗೆ ಎಷ್ಟು ವಿನಾಯಿತಿ ಕೂಡಿದೆ ಅಂತ ಪ್ರತಿ ವಾರವೂ ಹೊಸದಾಗಿ ನೋಡುತ್ತಾರೆ. ನಾನು ಸೆಪ್ಟೆಂಬರ್‌ವರೆಗೆ ಏನೂ ದುಡಿದಿರಲಿಲ್ಲ. ಅಷ್ಟು ತಿಂಗಳ ವಿನಾಯಿತಿ ನನ್ನ ಹೆಸರಲ್ಲಿ ಸುಮ್ನೆ ಕೂತಿತ್ತು.

ಕೋಡಿನ ಕೊನೆಗೆ ಡಬ್ಲ್ಯೂ1, ಎಂ1 ಅಥವಾ ಎಕ್ಸ್ ಇದ್ದರೆ ಮಾತ್ರ ಈ ಒಟ್ಟು ಲೆಕ್ಕ ನಡೆಯುವುದಿಲ್ಲ. ಆ ವಾರದ್ದು ಆ ವಾರಕ್ಕೆ, ಆ ತಿಂಗಳಿನದು ಆ ತಿಂಗಳಿಗೆ. ಹಳೆಯ ವಿನಾಯಿತಿ ಲೆಕ್ಕಕ್ಕೆ ಬರುವುದಿಲ್ಲ. ಎಮರ್ಜೆನ್ಸಿ ಕೋಡ್ ಅನ್ನುವುದು ಇದಕ್ಕೇ.

ಮೂರನೇ ಪೇಸ್ಲಿಪ್ ಕ್ರಿಸ್‌ಮಸ್ ರಜೆಯದು. ಕಾಲೇಜು ನಡೆಯುವಾಗ ಡಿಗ್ರಿ ಓದುವವರಿಗೆ ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆಯ ಮಿತಿ. ರಜೆ ಅಂತ ವಿಶ್ವವಿದ್ಯಾಲಯವೇ ಹೇಳಿದ ದಿನಗಳಲ್ಲಿ ಜಾಸ್ತಿ ಮಾಡಬಹುದು. ಆ ವಾರ 40 ಗಂಟೆ ಮಾಡಿದೆ. ಒಟ್ಟು 488.40. ತೆರಿಗೆ ಸೊನ್ನೆ, ಕೂತಿದ್ದ ವಿನಾಯಿತಿ ಇನ್ನೂ ಮುಗಿದಿರಲಿಲ್ಲ. ಆದರೆ ನ್ಯಾಷನಲ್ ಇನ್ಶೂರೆನ್ಸ್ 19.71 ಪೌಂಡ್. ಕೋಡಿನಲ್ಲಿ ಡಬ್ಲ್ಯೂ1 ಇದ್ದಿದ್ದರೆ ತೆರಿಗೆಗೂ ಇನ್ನೊಂದು 49 ಪೌಂಡ್ ಹೋಗುತ್ತಿತ್ತು.

ನ್ಯಾಷನಲ್ ಇನ್ಶೂರೆನ್ಸ್‌ಗೆ ಹಿಂದಿನ ತಿಂಗಳುಗಳ ನೆನಪು ಇಲ್ಲ. ವಾರದ ಸಂಬಳವಾದರೆ 242 ಪೌಂಡ್ ದಾಟಿದ ಮೊತ್ತಕ್ಕೆ ನೂರಕ್ಕೆ 8, ಅಷ್ಟೇ. ಹಿಂದಿನ ವಾರ ರಜೆ ಹಾಕಿದ್ದರೂ ಸರಿ, ವರ್ಷಪೂರ್ತಿ ಕಡಿಮೆ ದುಡಿದಿದ್ದರೂ ಸರಿ, ಸರಿಯಾಗಿ ಮುರಿದಿದ್ದರೆ ವಾಪಸ್ ಬರುವುದಿಲ್ಲ. ಇದರಲ್ಲಿ ಒಂದು ಅನುಕೂಲವೂ ಇದೆ. ಪ್ರತಿ ಕೆಲಸಕ್ಕೆ ಲೆಕ್ಕ ಬೇರೆ. ಬೇರೆ ಬೇರೆ ಮಾಲೀಕರ ಹತ್ತಿರ ವಾರಕ್ಕೆ ನೂರಿಪ್ಪತ್ತು ನೂರಿಪ್ಪತ್ತು ಪೌಂಡ್ ದುಡಿದರೆ ಎಲ್ಲಿಯೂ ಇದಕ್ಕೆ ಒಂದು ಪೆನ್ನಿ ಹೋಗುವುದಿಲ್ಲ. 'ವಿದ್ಯಾರ್ಥಿಗಳಿಗೆ ಇದೆಲ್ಲ ಇಲ್ಲ' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೆರಿಗೆಗೂ ಇದಕ್ಕೂ ವಿದ್ಯಾರ್ಥಿ ಅನ್ನುವ ರಿಯಾಯಿತಿ ಇಲ್ಲ. ಮಿತಿ ಒಳಗಿದ್ದರೆ ಹೋಗಲ್ಲ, ದಾಟಿದರೆ ಹೋಗುತ್ತೆ.

ಪೆನ್ಶನ್ ಸಾಲು ಮೂರು ತಿಂಗಳಾದ ಮೇಲೆ ಕಾಣಬಹುದು. 22 ವರ್ಷ ತುಂಬಿ, ವಾರಕ್ಕೆ 192 ಪೌಂಡ್ ದಾಟಿದರೆ ತಾವಾಗಿಯೇ ಸೇರಿಸುತ್ತಾರೆ. ಬೇಡ ಅನ್ನಿಸಿದರೆ ಒಂದು ತಿಂಗಳ ಒಳಗೆ ಹೊರಗೆ ಬನ್ನಿ, ಕಟ್ಟಿದ್ದು ವಾಪಸ್ ಸಿಗುತ್ತದೆ. ಆಮೇಲೆ ಹೊರಬಂದರೆ ಆ ಹಣ ಸಾಮಾನ್ಯವಾಗಿ ಪೆನ್ಶನ್‌ನಲ್ಲೇ ಉಳಿಯುತ್ತದೆ.

ಕೆಲಸ ಬಿಡುವಾಗ ಪಿ45, ಅಂದರೆ ಅಲ್ಲಿಯವರೆಗಿನ ಸಂಬಳ ಮತ್ತು ತೆರಿಗೆ ಬರೆದಿರುವ ಚೀಟಿ, ಕೇಳಿ ತೆಗೆದುಕೊಳ್ಳಿ. ಏಪ್ರಿಲ್ 5ಕ್ಕೆ ಕೆಲಸದಲ್ಲಿದ್ದರೆ ಮೇ 31ರೊಳಗೆ ಪಿ60 ಕೊಡಬೇಕು. ನಮ್ಮ ಫಾರ್ಮ್ 16 ಇದ್ದ ಹಾಗೆ ಅದು. ಜಾಸ್ತಿ ಕಟ್ಟಿದ ತೆರಿಗೆಯನ್ನು ನಾಲ್ಕು ವರ್ಷ ಹಿಂದಿನವರೆಗೂ ಕೇಳಬಹುದು. ಕಮಿಷನ್ ಇಟ್ಟುಕೊಂಡು ರಿಫಂಡ್ ಕೊಡಿಸುತ್ತೇವೆ ಅನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಎಚ್‌ಎಂಆರ್‌ಸಿಯಲ್ಲಿ ನೀವೇ ಕೇಳಿದರೆ ಒಂದು ಪೆನ್ನಿ ಖರ್ಚಿಲ್ಲ. ಓದು ಮುಗಿಸಿ ಊರಿಗೆ ಹೊರಟವರಿಗೆ ಪಿ85 ಅನ್ನುವ ಫಾರ್ಮ್ ಇದೆ. ಅದನ್ನು ಕಳಿಸಿ, ಹಣ ಬರುವವರೆಗೂ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಬೇಡಿ.