ಮಾಲಿನ್ಯಕ್ಕೆ ಹಕ್ಕು, ಹೊಣೆ, ಚೌಕಾಸಿ: ಲೆಕ್ಕ ಹಾಕಿ ತಿಳಿಯುವ ಟಿಪ್ಪಣಿ

ಕೋಸ್ ಪ್ರಮೇಯವನ್ನು ಬಹಳಷ್ಟು ಜನ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿರುತ್ತಾರೆ: ಹಕ್ಕು ಯಾರದೆಂದು ಸ್ಪಷ್ಟವಾಗಿದ್ದು, ಮಾತುಕತೆಗೆ ಖರ್ಚು ತಗಲದಿದ್ದರೆ, ಹಕ್ಕು ಯಾರ ಕೈಯಲ್ಲಿದ್ದರೂ ಮಾಲಿನ್ಯ ತಕ್ಕ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸಾಲು ಸರಿಯೇ. ಆದರೆ ಅದರ ಭಾರವೆಲ್ಲ ‘ಮಾತುಕತೆಗೆ ಖರ್ಚು ತಗಲದಿದ್ದರೆ’ ಎಂಬ ಷರತ್ತಿನ ಮೇಲಿದೆ. ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1960ರ ತಮ್ಮ ಪ್ರಬಂಧದಲ್ಲಿ ಮುಖ್ಯವಾಗಿ ಹೇಳಹೊರಟದ್ದು ಆ ಖರ್ಚು ಇರುವ ಲೋಕದ ಬಗ್ಗೆ. ‘ಪ್ರಮೇಯ’ ಎಂಬ ಹೆಸರು ಆಮೇಲೆ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಕೊಟ್ಟದ್ದು. ಹಾಗಾಗಿ ಮೊದಲು ಖರ್ಚಿಲ್ಲದ ಲೆಕ್ಕ ಮಾಡೋಣ, ಆಮೇಲೆ ಅದು ಎಲ್ಲೆಲ್ಲಿ ಮುರಿಯುತ್ತದೆ ಎಂದು ನೋಡೋಣ.

ಒಂದು ಬಣ್ಣದ ಕಾರ್ಖಾನೆ ವರ್ಷಕ್ಕೆ 5 ಟನ್ ಕೊಳೆಯನ್ನು ನದಿಗೆ ಬಿಡುತ್ತದೆ. ಕೆಳಗಡೆ ಒಂದು ಮೀನು ಸಾಕಣೆ ಕೇಂದ್ರವಿದೆ. ಒಂದೊಂದೇ ಟನ್ ತಡೆಯುತ್ತ ಹೋದರೆ ಕಾರ್ಖಾನೆಗೆ ಆಗುವ ವೆಚ್ಚ ಮತ್ತು ಮೀನಿನವರಿಗೆ ತಪ್ಪುವ ನಷ್ಟ ಹೀಗಿರಲಿ (ಅಂಕಿಗಳು ಸಾವಿರಗಳಲ್ಲಿ):

1ನೇ ಟನ್: ವೆಚ್ಚ 10, ತಪ್ಪುವ ನಷ್ಟ 90
2ನೇ ಟನ್: ವೆಚ್ಚ 20, ತಪ್ಪುವ ನಷ್ಟ 60
3ನೇ ಟನ್: ವೆಚ್ಚ 40, ತಪ್ಪುವ ನಷ್ಟ 45
4ನೇ ಟನ್: ವೆಚ್ಚ 70, ತಪ್ಪುವ ನಷ್ಟ 30
5ನೇ ಟನ್: ವೆಚ್ಚ 110, ತಪ್ಪುವ ನಷ್ಟ 15

ಮೂರನೇ ಟನ್ನಿನವರೆಗೆ ತಡೆಯುವುದು ಲಾಭ. ನಾಲ್ಕನೆಯದಕ್ಕೆ 70 ಖರ್ಚು ಮಾಡಿ 30 ಉಳಿಸುವುದು ನಷ್ಟ. 3 ಟನ್ ತಡೆದರೆ ತಡೆಗೆ 70, ಉಳಿದ ನಷ್ಟ 45, ಸಮಾಜದ ಮೇಲೆ ಬೀಳುವ ಹೊರೆ ಒಟ್ಟು 115. ಏನೂ ಮಾಡದೆ ಬಿಟ್ಟರೆ 240, ಪೂರ್ತಿ ನಿಷೇಧಿಸಿದರೆ 250. ಈ ಉದಾಹರಣೆಯಲ್ಲಿ ಪೂರ್ಣ ನಿಷೇಧ, ಸುಮ್ಮನೆ ಬಿಡುವುದಕ್ಕಿಂತಲೂ ದುಬಾರಿ. ಇದನ್ನು ಗಮನಿಸದೆ ಮುಂದೆ ಹೋಗಬೇಡಿ.

ಶುದ್ಧ ನೀರಿನ ಹಕ್ಕು ಮೀನಿನವರದು ಎಂದುಕೊಳ್ಳಿ. ಆಗ ಆರಂಭದ ಸ್ಥಿತಿ ಸೊನ್ನೆ ಕೊಳೆ. ಕಾರ್ಖಾನೆ 5ನೇ ಮತ್ತು 4ನೇ ಟನ್ ಬಿಡಲು ಅನುಮತಿ ಕೊಳ್ಳುತ್ತದೆ. ಅದಕ್ಕೆ ಉಳಿಯುವುದು 180, ಮೀನಿನವರಿಗೆ ಆಗುವ ನಷ್ಟ 45, ಬೆಲೆ ಇವೆರಡರ ನಡುವೆ ಎಲ್ಲೋ ಕುದುರುತ್ತದೆ. 3ನೇ ಟನ್ನಿಗೆ ಕಾರ್ಖಾನೆ 40ಕ್ಕಿಂತ ಹೆಚ್ಚು ಕೊಡದು, ಮೀನಿನವರು 45ಕ್ಕಿಂತ ಕಡಿಮೆಗೆ ಒಪ್ಪರು, ಮಾತು ಅಲ್ಲಿಗೆ ನಿಂತಿತು. ಈಗ ಹಕ್ಕನ್ನು ಕಾರ್ಖಾನೆಗೆ ಕೊಡಿ. ಆರಂಭದ ಸ್ಥಿತಿ 5 ಟನ್ ಕೊಳೆ. ಮೊದಲ ಮೂರು ಟನ್ ತಡೆಯಲಿ ಎಂದು ಮೀನಿನವರೇ 70ರಿಂದ 195ರ ನಡುವೆ ಏನಾದರೂ ಕೊಡುತ್ತಾರೆ. ನಾಲ್ಕನೆಯದಕ್ಕೆ 30ಕ್ಕಿಂತ ಹೆಚ್ಚು ಕೊಡರು. ಎರಡೂ ಬಾರಿ ನಿಂತದ್ದು 3 ಟನ್ ತಡೆಯಲ್ಲೇ. ಬದಲಾದದ್ದು ಹಣ ಯಾವ ಕಡೆಗೆ ಹರಿಯಿತು ಎಂಬುದು. ‘ಹಕ್ಕು ಯಾರಿಗೆ ಕೊಟ್ಟರೂ ಒಂದೇ’ ಎಂದು ಬರೆದರೆ ಉತ್ತರ ತಪ್ಪು. ಕೊಳೆಯ ಮಟ್ಟ ಒಂದೇ, ಯಾರು ಬಡವಾದರು ಎಂಬುದು ಒಂದೇ ಅಲ್ಲ. ನ್ಯಾಯದ ಪ್ರಶ್ನೆಯನ್ನು ಈ ಪ್ರಮೇಯ ಮುಟ್ಟುವುದೇ ಇಲ್ಲ.

ಮೀನಿನ ಕೇಂದ್ರದ ಜಾಗದಲ್ಲಿ ಈಗ ನದಿಯ ನೀರು ಬಳಸುವ 800 ಮನೆಗಳನ್ನು ಇಡಿ. ಒಟ್ಟು ನಷ್ಟ ಅದೇ 240 ಸಾವಿರ, ತಲಾ 300. ಹಕ್ಕು ಕಾರ್ಖಾನೆಯದಾದರೆ ಮನೆಗಳು ಸೇರಿ ಹಣ ಕೂಡಿಸಬೇಕು. ಆದರೆ ನೀರು ಶುದ್ಧವಾದರೆ ಕೊಟ್ಟವರಿಗೂ ಕೊಡದವರಿಗೂ ಸಮಾನ ಲಾಭ, ಹಾಗಾಗಿ ಪ್ರತಿಯೊಬ್ಬರೂ ಪಕ್ಕದವರು ಕೊಡಲಿ ಎಂದು ಕಾಯುತ್ತಾರೆ. ಇದು ಬಿಟ್ಟಿ ಸವಾರಿಯ ಸಮಸ್ಯೆ. ಹಕ್ಕು ಮನೆಯವರದಾದರೆ ಕಾರ್ಖಾನೆ 800 ಸಹಿ ಪಡೆಯಬೇಕು. ಕೊನೆಯ ಎರಡು ಟನ್ನಿಂದ ತಲಾ ನಷ್ಟ ಸುಮಾರು 56 ಅಷ್ಟೇ, ಆದರೂ ತನ್ನ ಸಹಿಯಿಲ್ಲದೆ 180 ಸಾವಿರದ ಒಪ್ಪಂದ ಆಗದು ಎಂದು ಗೊತ್ತಿರುವ ಕೊನೆಯ ಮನೆಯವರು ಸಾವಿರಗಟ್ಟಲೆ ಕೇಳಬಹುದು. ಇದು ಪಟ್ಟು ಹಿಡಿಯುವ ಸಮಸ್ಯೆ. ಎರಡನ್ನೂ ಸೇರಿಸಿ ‘ವಹಿವಾಟು ವೆಚ್ಚ (ಮಾತುಕತೆಯ ಖರ್ಚು) ಹೆಚ್ಚು’ ಎಂದು ಬರೆದು ಮುಗಿಸಬೇಡಿ. ಮೊದಲನೆಯದರಲ್ಲಿ ಕೊಳೆ ಅತಿಯಾಗಿ ಉಳಿಯುತ್ತದೆ, ಎರಡನೆಯದರಲ್ಲಿ ತಡೆ ಅತಿಯಾಗುತ್ತದೆ.

ಚೌಕಾಸಿ ನಿಜಕ್ಕೂ ನಡೆದ ಕಡೆಗಳನ್ನು ನೋಡಿದರೆ ಕನಿಷ್ಠ ಒಂದು ಕಡೆಯಾದರೂ ಪಕ್ಷಗಾರರು ಕಡಿಮೆ ಇರುತ್ತಾರೆ. ಫ್ರಾನ್ಸಿನ ವಿಟ್ಟೆಲ್ ಖನಿಜ ನೀರಿನ ಸಂಸ್ಥೆ, ಬುಗ್ಗೆಯ ನೀರಿಗೆ ನೈಟ್ರೇಟ್ ಸೇರದಿರಲೆಂದು ಸುತ್ತಲಿನ ರೈತರ ಜತೆ ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಕೊಳ್ಳುವವರು ಒಬ್ಬರೇ, ಜಲಾನಯನ ಪ್ರದೇಶ ಚಿಕ್ಕದು, ನೀರು ಕೆಟ್ಟರೆ ವ್ಯಾಪಾರವೇ ಇಲ್ಲ. ಅಮೆರಿಕದ ಓಹಾಯೋ ರಾಜ್ಯದ ಚೆಷೈರ್ ಎಂಬ ಪುಟ್ಟ ಊರನ್ನು ಪಕ್ಕದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಂಪನಿ 2002ರಲ್ಲಿ ಸುಮಾರು 2 ಕೋಟಿ ಡಾಲರಿಗೆ ಕೊಂಡುಕೊಂಡಿತು. ಇಲ್ಲಿ ನಿವಾಸಿಗಳು ಮಾರಿದ್ದು ಮನೆಗಳನ್ನಷ್ಟೇ ಅಲ್ಲ, ದಾವೆ ಹೂಡುವ ಹಕ್ಕನ್ನೂ. ಹೊಗೆ ಇದ್ದಲ್ಲೇ ಇದ್ದು, ಹೆಚ್ಚಿನ ಜನ ಹೊರಟರು. ಅರ್ಥಶಾಸ್ತ್ರ ಇದನ್ನು ದಕ್ಷ ಎನ್ನಬಹುದು. ಆ ಮಾತಿನಲ್ಲಿ ಒಂದು ಊರು ಬಹುತೇಕ ಖಾಲಿಯಾದದ್ದು ಕಾಣುವುದಿಲ್ಲ ಎಂಬುದನ್ನೂ ಬರೆಯಬೇಕು.

ಹಕ್ಕನ್ನು ಕೊಟ್ಟರಷ್ಟೇ ಸಾಲದು, ಅದನ್ನು ಹೇಗೆ ಕಾಯುತ್ತೇವೆ ಎಂಬುದು ಬೇರೆ ಪ್ರಶ್ನೆ. 1972ರಲ್ಲಿ ಕಾನೂನು ಲೇಖಕರಾದ ಕ್ಯಾಲಬ್ರೇಸಿ ಮತ್ತು ಮೆಲಮೆಡ್ ಇದನ್ನು ಬಿಡಿಸಿ ತೋರಿಸಿದರು. ತಡೆಯಾಜ್ಞೆಯಿಂದ ಕಾದರೆ ಅದು ಸ್ವತ್ತಿನ ನಿಯಮ: ಹಕ್ಕುದಾರ ಒಪ್ಪಿದ ಬೆಲೆಗೇ ಕೊಳ್ಳಬೇಕು. ನಷ್ಟಪರಿಹಾರದಿಂದ ಕಾದರೆ ಅದು ಹೊಣೆಯ ನಿಯಮ: ನ್ಯಾಯಾಲಯ ಕಟ್ಟಿದ ಬೆಲೆ ತೆತ್ತು, ಒಪ್ಪಿಗೆಯಿಲ್ಲದೆಯೂ ಮುಂದುವರಿಯಬಹುದು. 1970ರ ಬೂಮರ್ ಮೊಕದ್ದಮೆ ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. ನ್ಯೂಯಾರ್ಕ್ ರಾಜ್ಯದ ಆ ಸಿಮೆಂಟ್ ಕಾರ್ಖಾನೆಯಲ್ಲಿ 4.5 ಕೋಟಿ ಡಾಲರಿಗೂ ಹೆಚ್ಚು ಬಂಡವಾಳವಿತ್ತು, 300ಕ್ಕೂ ಹೆಚ್ಚು ನೌಕರರಿದ್ದರು. ನೆರೆಯವರ ಶಾಶ್ವತ ನಷ್ಟ 1,85,000 ಡಾಲರ್ ಎಂದು ಲೆಕ್ಕವಾಗಿತ್ತು. ಆ ಹಣ ಕೊಟ್ಟರೆ ತಡೆಯಾಜ್ಞೆ ತೆರವು ಎಂದು ಮೇಲಿನ ನ್ಯಾಯಾಲಯ ಹೇಳಿತು. ಇದರ ಹುಳುಕು: ಪರಿಹಾರವನ್ನು ಒಮ್ಮೆಗೇ ಕೊಟ್ಟು ಮುಗಿಸಿದ ಮೇಲೆ ಧೂಳು ತಗ್ಗಿಸಲು ಕಾರ್ಖಾನೆಗೆ ಆ ಕಡೆಯಿಂದ ಒತ್ತಡವೇ ಉಳಿಯುವುದಿಲ್ಲ. ಪರಿಹಾರ ವರ್ಷ ವರ್ಷದ ನಷ್ಟಕ್ಕೆ ತಕ್ಕಂತೆ ಬದಲಾಗುವಂತಿದ್ದರೆ ಒತ್ತಡ ಉಳಿಯುತ್ತದೆ. 1972ರ ಸ್ಪರ್ ಪ್ರಕರಣ ಇನ್ನೂ ವಿಶೇಷ: ಅರಿಜೋನಾದಲ್ಲಿ ದನಗಳನ್ನು ಕೊಬ್ಬಿಸುವ ದೊಡ್ಡ ದೊಡ್ಡಿಯ ಕಡೆಗೆ ಮನೆಗಳ ಬಡಾವಣೆ ಬೆಳೆದು ಬಂತು. ನ್ಯಾಯಾಲಯ ದೊಡ್ಡಿಯನ್ನು ತೆರವು ಮಾಡಿಸಿತು, ಆದರೆ ಅದರ ಖರ್ಚು ಬಡಾವಣೆ ಕಟ್ಟಿದವರ ತಲೆಗೆ.

ತೀರ್ಪಿನ ಮೇಲೆ ಚೌಕಾಸಿ ನಡೆದು ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಲಾಗಿದೆ. ಕಾನೂನು ವಿದ್ವಾಂಸ ವಾರ್ಡ್ ಫಾರ್ನ್ಸ್‌ವರ್ತ್ 20 ಉಪದ್ರವ (ನೆರೆಯವರಿಂದಾಗುವ ತೊಂದರೆಯ) ಮೊಕದ್ದಮೆಗಳ ವಕೀಲರನ್ನು ವಿಚಾರಿಸಿದಾಗ, ಒಂದರಲ್ಲೂ ತೀರ್ಪಿನ ನಂತರ ಅಂಥ ಚೌಕಾಸಿ ನಡೆದಿರಲಿಲ್ಲ. ನ್ಯಾಯಾಲಯಕ್ಕೆ ಹೋಗಿಬರುವಷ್ಟರಲ್ಲಿ ಹಗೆತನ ಬೆಳೆದಿರುತ್ತದೆ, ಗೆದ್ದ ಹಕ್ಕನ್ನು ಹಣಕ್ಕೆ ಮಾರಲು ಮನಸ್ಸು ಬಾರದು.

ಹೊಣೆಯ ನಿಯಮ ನಮ್ಮ ಪಟ್ಟಿಯಲ್ಲಿ ಹೇಗೆ ಕೆಲಸ ಮಾಡುತ್ತದೆ? ಪೂರ್ತಿ ನಷ್ಟ ಕಟ್ಟಿಕೊಡಬೇಕೆಂದರೆ ಕಾರ್ಖಾನೆ ತಾನಾಗಿಯೇ 3 ಟನ್ ತಡೆದು 45 ಪರಿಹಾರ ಕೊಡುತ್ತದೆ. ಚೌಕಾಸಿಯೇ ಬೇಡ. ಆದರೆ ನ್ಯಾಯಾಲಯ ನಷ್ಟವನ್ನು ಅರ್ಧಕ್ಕೆ ಅಳೆದರೆ 3ನೇ ಟನ್ನಿನ ಪರಿಹಾರ 22.5 ಆಗುತ್ತದೆ, ತಡೆ ವೆಚ್ಚ 40, ಕಾರ್ಖಾನೆ 2 ಟನ್ನಿಗೇ ನಿಲ್ಲಿಸುತ್ತದೆ. ಉಳಿದ ನಿಜವಾದ ನಷ್ಟ 90, ಪರಿಹಾರ 45, ಬಾಕಿ 45 ಸಂತ್ರಸ್ತರ ಮೇಲೆ. ಇಬ್ಬರಲ್ಲಿ ಒಬ್ಬರು ಮಾತ್ರ ದಾವೆ ಹೂಡಿದರೂ ಫಲ ಇದೇ. ಆಗ ಪರಿಹಾರವನ್ನು ಇಮ್ಮಡಿ ಮಾಡಿದರೆ ಒತ್ತಡ ಸರಿಯಾಗುತ್ತದೆ. ದಂಡರೂಪದ ಪರಿಹಾರಕ್ಕೆ ಇರುವ ಒಳ್ಳೆಯ ಸಮರ್ಥನೆಗಳಲ್ಲಿ ಇದೂ ಒಂದು.

ನಿರ್ಲಕ್ಷ್ಯದ ಹೊಣೆಯಲ್ಲಿ ತಕ್ಕ ಎಚ್ಚರಿಕೆ ವಹಿಸಿದವರು ಏನೂ ಕೊಡಬೇಕಿಲ್ಲ. ಹಾಗಾಗಿ ಎಚ್ಚರಿಕೆ ಸರಿಯಿದ್ದರೂ ಉತ್ಪಾದನೆಯ ಪ್ರಮಾಣ ಅತಿಯಾಗುತ್ತದೆ, ಏಕೆಂದರೆ ಉಳಿದ 45ರ ನಷ್ಟ ಅವರ ಲೆಕ್ಕಕ್ಕೆ ಬರುವುದಿಲ್ಲ. ತಪ್ಪಿರಲಿ ಇಲ್ಲದಿರಲಿ ಕೊಡಬೇಕು ಎಂಬ ಕಟ್ಟುನಿಟ್ಟಿನ ಹೊಣೆ ಈ ತೂತನ್ನು ಮುಚ್ಚುತ್ತದೆ. ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ತೀರ್ಪು ಇದಕ್ಕೆ ಬುನಾದಿ. ಆ ನಿಯಮದ ವಿನಾಯಿತಿಗಳನ್ನೂ ಕೈಬಿಟ್ಟು, ಅಪಾಯಕಾರಿ ಉದ್ದಿಮೆಗಳಿಗೆ ಸಂಪೂರ್ಣ ಹೊಣೆ ಎಂದು ಭಾರತದ ಸುಪ್ರೀಂ ಕೋರ್ಟ್ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ 1986ರ ಡಿಸೆಂಬರಿನಲ್ಲಿ ಹೇಳಿತು.

ಹೊಣೆ ಅತಿ ಹೆಚ್ಚಾಗಿ ಸೋಲುವುದು ಕಾರಣ ಸಾಬೀತು ಮಾಡುವಲ್ಲಿ. ಒಂದು ಲಕ್ಷ ಜನರಲ್ಲಿ ಸಹಜವಾಗಿ 100 ಮಂದಿಗೆ ಬರುವ ರೋಗ, ಕೊಳೆಯಿಂದಾಗಿ 140ಕ್ಕೆ ಏರಿತೆನ್ನಿ. ಯಾವುದೇ ಒಬ್ಬ ರೋಗಿಯ ಕಾಯಿಲೆಗೆ ಕಾರ್ಖಾನೆ ಕಾರಣವಾಗಿರುವ ಸಂಭವ 40/140, ಅಂದರೆ ಸುಮಾರು ಶೇ. 29. ಸಿವಿಲ್ ದಾವೆಯಲ್ಲಿ ಶೇ. 50 ದಾಟಬೇಕು. ಆದ್ದರಿಂದ 40 ಜನರಿಗೆ ರೋಗ ತಂದ ಕಾರ್ಖಾನೆ ಯಾರಿಗೂ ಏನೂ ಕೊಡುವುದಿಲ್ಲ. ರೋಗಿಗಳು 240ಕ್ಕೆ ಏರಿದರೆ ಸಂಭವ ಶೇ. 58, ಆಗ ತಾನು ಕಾರಣವಲ್ಲದ 100 ಜನರಿಗೂ ಕೊಡಬೇಕಾಗುತ್ತದೆ. ಸಂಭವಕ್ಕೆ ತಕ್ಕ ಪಾಲನ್ನು ಪ್ರತಿಯೊಬ್ಬರಿಗೂ ಕೊಡಿಸಿದರೆ ಎರಡೂ ಬದಿಯ ತಪ್ಪು ಸರಿಹೋಗುತ್ತದೆ.

ಇನ್ನೊಂದು ಸೋಲು ಬರಿಗೈ ಕಂಪನಿಯದು. ಆಸ್ತಿ 30, ನಷ್ಟ 240 ಆದರೆ ಕಂಪನಿ ಹೆದರುವುದು 30ಕ್ಕೆ ಮಾತ್ರ. ಕಡ್ಡಾಯ ವಿಮೆ ಅಥವಾ ಮುಂಗಡ ಠೇವಣಿ ಇದಕ್ಕೆ ಮದ್ದು. ಅಮೆರಿಕದ 1980ರ ಸೂಪರ್‌ಫಂಡ್ ಕಾಯಿದೆ ಬೇರೆ ದಾರಿ ಹಿಡಿಯಿತು: ನಷ್ಟವನ್ನು ಬೇರ್ಪಡಿಸಿ ತೋರಿಸಲಾಗದ ಕಡೆ, ಒಂದು ಜಾಗಕ್ಕೆ ಕಸ ಸುರಿದವರಲ್ಲಿ ಯಾರೊಬ್ಬರಿಂದಲಾದರೂ ಶುದ್ಧಿಯ ಪೂರ್ತಿ ಖರ್ಚನ್ನು ವಸೂಲಿ ಮಾಡಬಹುದು. ಹಣ ಸಿಗುತ್ತದೆ, ಆದರೆ ಯಾರ ಪಾಲು ಎಷ್ಟು ಎಂಬ ವ್ಯಾಜ್ಯ ವರ್ಷಗಟ್ಟಲೆ ಎಳೆಯುತ್ತದೆ.

ಪಕ್ಷಗಾರರು ತೀರಾ ಹೆಚ್ಚಾದಾಗ ಹಕ್ಕನ್ನೇ ಸಣ್ಣ ಸಣ್ಣ ಪರವಾನಗಿಗಳಾಗಿ ಕತ್ತರಿಸಿ ಮಾರುಕಟ್ಟೆಗೆ ಬಿಡುವುದುಂಟು. ಅಮೆರಿಕ 1990ರ ಕಾಯಿದೆಯಡಿ ವಿದ್ಯುತ್ ಸ್ಥಾವರಗಳ ಗಂಧಕದ ಡೈ ಆಕ್ಸೈಡಿಗೆ ಹೀಗೆ ಮಾಡಿ, 1995ರಲ್ಲಿ ಜಾರಿಗೆ ತಂದಿತು. ಚೌಕಾಸಿ ಈಗ ಮಾಲಿನ್ಯ ಮಾಡುವವರ ನಡುವೆಯೇ, ಒಟ್ಟು ಮಿತಿ ಮಾತ್ರ ಸರ್ಕಾರದ್ದು. ನದಿಗೆ ಇದನ್ನು ಹಾಗೇ ತಂದು ಹಾಕಿದರೆ ಕೆಡುತ್ತದೆ. ಕುಡಿಯುವ ನೀರಿನ ಕೊಳವೆಯ ಪಕ್ಕ ಬಿಟ್ಟ 1 ಟನ್ನೂ ಅದರ ಕೆಳಗೆ ಬಿಟ್ಟ 1 ಟನ್ನೂ ಪರವಾನಗಿಯಲ್ಲಿ ಸಮ, ನಷ್ಟದಲ್ಲಿ ಸಮವಲ್ಲ. ಹಾಗಾಗಿ ಕೊಳವೆಯ ಪಕ್ಕದವರು 1 ಟನ್ ಬಿಡಬೇಕಾದರೆ ಕೆಳಗಿನವರಿಂದ 2 ಅಥವಾ 3 ಟನ್ನಿನ ಪರವಾನಗಿ ಕೊಳ್ಳಬೇಕು ಎಂಬಂಥ ವಿನಿಮಯ ಪ್ರಮಾಣವನ್ನು ವಹಿವಾಟು ಶುರುವಾಗುವ ಮೊದಲೇ ಗೊತ್ತುಮಾಡಬೇಕು.