ಪ್ರಿನ್ಸೆಪ್ಸ್ ಅಂದರೆ ಯಾರು?

ಪ್ರಿನ್ಸ್ ಅಂದರೆ ರಾಜಕುಮಾರ ಅಂತ ನಮಗೆಲ್ಲ ಗೊತ್ತು. ಆ ಪದ ಹುಟ್ಟಿದ್ದು ಲ್ಯಾಟಿನ್ನಿನ ಪ್ರಿನ್ಸೆಪ್ಸ್‌ನಿಂದ. ಆದರೆ ಅದಕ್ಕೂ ಅರಮನೆಗೂ ಮೊದಲು ಸಂಬಂಧವೇ ಇರಲಿಲ್ಲ. ಅರ್ಥ ಇಷ್ಟೇ: ಮೊದಲಿಗ. ರೋಮ್‌ನ ಗಣ್ಯರ ಸಭೆಯಾದ ಸೆನೆಟ್‌ನ ಪಟ್ಟಿಯಲ್ಲಿ ಮೊದಲ ಹೆಸರು ಯಾರದೋ ಅವರನ್ನು ಪ್ರಿನ್ಸೆಪ್ಸ್ ಅನ್ನುತ್ತಿದ್ದರು. ಮರ್ಯಾದೆ ಜಾಸ್ತಿ, ಅಧಿಕಾರ ಏನಿಲ್ಲ. ನಾವು ರಾಷ್ಟ್ರಪತಿಯನ್ನು ಪ್ರಥಮ ಪ್ರಜೆ ಅಂತೀವಲ್ಲ, ಹೆಚ್ಚುಕಡಿಮೆ ಅಂಥ ಮಾತು.

ಇಂಥ ಸಾಧು ಪದ, ತನ್ನನ್ನು ಕರೆದುಕೊಳ್ಳಲು, ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸ್‌ಗೆ ಯಾಕೆ ಬೇಕಾಯಿತು? ರೋಮನ್ನರಿಗೆ ರಾಜ ಅನ್ನುವ ಪದ ಕಂಡರೇ ಆಗುತ್ತಿರಲಿಲ್ಲ. ಅವರ ಪರಂಪರೆ ಹೇಳುವಂತೆ ಕ್ರಿ.ಪೂ. 509ರಲ್ಲಿ ಕೊನೆಯ ರಾಜನನ್ನು ಓಡಿಸಿ, ಆಳುವುದಕ್ಕೆ ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು ಆರಿಸತೊಡಗಿದರು. ಒಬ್ಬ ಹದ್ದು ಮೀರಿದರೆ ಇನ್ನೊಬ್ಬ ತಡೆಯಬೇಕು, ವರ್ಷ ಮುಗಿದರೆ ಇಬ್ಬರೂ ಇಳಿಯಬೇಕು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಬದುಕಿರುವವರೆಗೂ ತಾನೇ ಸರ್ವಾಧಿಕಾರಿ ಅಂತಾದ. ಮಾರ್ಚ್ 15ಕ್ಕೆ ಸೆನೆಟರ್‌ಗಳೇ ಇರಿದು ಕೊಂದರು.

ಅವನ ದತ್ತುಮಗ ಆಕ್ಟೇವಿಯನ್ ಇದರಿಂದ ಪಾಠ ಕಲಿತ. ಕ್ರಿ.ಪೂ. 31ರಲ್ಲಿ ಆಕ್ಟಿಯಮ್ ಕದನದಲ್ಲಿ ರೋಮ್‌ನ ಸೇನಾನಿ ಆಂಟನಿ, ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ ಸೋತ ಮೇಲೆ ಅವನಿಗೆ ಎದುರಾಳಿಯೇ ಉಳಿಯಲಿಲ್ಲ. ಆದರೂ ಕ್ರಿ.ಪೂ. 27ರ ಜನವರಿಯಲ್ಲಿ ಸೆನೆಟ್‌ನಲ್ಲಿ ನಿಂತು, ಅಧಿಕಾರವನ್ನೆಲ್ಲ ನಿಮಗೇ ಒಪ್ಪಿಸುತ್ತೇನೆ ಅಂದ. ಸೆನೆಟ್ ಅವನಿಗೆ ಆಗಸ್ಟಸ್ ಎಂಬ ಬಿರುದು ಕೊಟ್ಟಿತು (ನಮ್ಮ ಆಗಸ್ಟ್ ತಿಂಗಳು ಅದೇ ಹೆಸರಿನದು), ಜೊತೆಗೆ ಸ್ಪೇನ್, ಗಾಲ್ (ಹೆಚ್ಚುಕಡಿಮೆ ಈಗಿನ ಫ್ರಾನ್ಸ್), ಸಿರಿಯಾದಂಥ ಪ್ರಾಂತ್ಯಗಳನ್ನು ಹತ್ತು ವರ್ಷಕ್ಕೆ ವಹಿಸಿತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ರೋಮ್‌ನ ಸೈನ್ಯದ ದೊಡ್ಡ ಪಾಲು ಬೀಡುಬಿಟ್ಟಿದ್ದದ್ದು ಆ ಪ್ರಾಂತ್ಯಗಳಲ್ಲೇ. ಸೈನ್ಯ ಕೈಯಲ್ಲಿದ್ದ ಮೇಲೆ ಕಿರೀಟ ಯಾಕೆ ಬೇಕು, ಅಲ್ವಾ? ಕ್ರಿ.ಪೂ. 23ರಲ್ಲಿ ಕಾನ್ಸಲ್ ಹುದ್ದೆ ಬಿಟ್ಟ. ಬದಲಿಗೆ ಜನಸಾಮಾನ್ಯರ ಪ್ರತಿನಿಧಿಯಾದ ಟ್ರಿಬ್ಯೂನ್‌ನ ಅಧಿಕಾರ ಪಡೆದ, ಹುದ್ದೆಯನ್ನಲ್ಲ. ಯಾವ ನಿರ್ಣಯವನ್ನಾದರೂ ತಡೆಯಲು ಅಷ್ಟು ಸಾಕಿತ್ತು.

ಕಾನ್ಸಲ್‌ಗಳು ಇದ್ದರು, ಸೆನೆಟ್ ಸೇರುತ್ತಿತ್ತು, ಚುನಾವಣೆಯೂ ನಡೆಯುತ್ತಿತ್ತು. ಗೌರವದಲ್ಲಿ ಮಾತ್ರ ತಾನು ಎಲ್ಲರಿಗಿಂತ ಮುಂದೆ, ಅಧಿಕಾರದಲ್ಲಿ ಜೊತೆಯವರಷ್ಟೇ ಅಂತ ಅವನೇ ಬರೆಸಿಟ್ಟಿದ್ದಾನೆ. ಅದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಒಂದೊಂದು ಅಧಿಕಾರವೂ ಹಳೆಯದೇ, ಕೇಳಿ ಪಡೆದದ್ದೇ. ಎಲ್ಲವೂ ಒಬ್ಬನ ಬಳಿ, ಇಷ್ಟು ಕಾಲ ಉಳಿದದ್ದು ಮಾತ್ರ ಹೊಸದು. ಈ ವ್ಯವಸ್ಥೆಯನ್ನೇ ಇತಿಹಾಸಕಾರರು ಪ್ರಿನ್ಸಿಪೇಟ್ ಅನ್ನುತ್ತಾರೆ.

ಕ್ರಿ.ಶ. 14ರಲ್ಲಿ ಆಗಸ್ಟಸ್ ತೀರಿಕೊಂಡ. ಅವನ ಹೆಂಡತಿಯ ಮೊದಲ ಮದುವೆಯ ಮಗ, ಅವನೇ ದತ್ತು ತೆಗೆದುಕೊಂಡಿದ್ದ ಟೈಬೀರಿಯಸ್ ಆ ಜಾಗಕ್ಕೆ ಬಂದ. ಮೊದಲಿಗನ ಜಾಗ ಮನೆಯ ಆಸ್ತಿಯಾಗಿತ್ತು. ಅದೇ ವರ್ಷ ಅಧಿಕಾರಿಗಳನ್ನು ಆರಿಸುವ ಕೆಲಸವೂ ಜನಸಭೆಯ ಕೈಬಿಟ್ಟು ಸೆನೆಟ್‌ಗೆ ಹೋಯಿತು.